ಮೈಲುತುತ್ತ ಚೆಲ್ಲಿದ ಜಾಗದಲ್ಲಿ ಸ್ಯೂಡೋಮೊನಾಸ್ ಏಕೆ ಕೆಲಸ ಮಾಡುತ್ತಿಲ್ಲ?

ಹೊಸನಗರದ ತೋಟಿಗ:
ನಮ್ಮ ಅಡಿಕೆ ತೋಟದ ಮೇಲ್ತುದಿಯಲ್ಲಿ, ಬಾವಿಯ ಹತ್ತಿರ, ಅಪ್ಪನ ಕಾಲದಿಂದಲೂ ಬೋರ್ಡೋ ದ್ರಾವಣ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ, ನೀರು ಬೆರೆಸಿದ ಮದ್ದು) ಕಲಸುವ ಜಾಗವಿತ್ತು. ಕೊಳೆರೋಗಕ್ಕೆ ಮದ್ದು ಹೊಡೆದು ಉಳಿದದ್ದನ್ನೂ ಡ್ರಮ್ ತೊಳೆದ ನೀರನ್ನೂ ಅಲ್ಲಿಯೇ ಚೆಲ್ಲುತ್ತಿದ್ದೆವು. ಐದು ವರ್ಷದಿಂದ ನಿಲ್ಲಿಸಿದ್ದೇವೆ. ಈಗ ಅಲ್ಲಿ ಕಾಳುಮೆಣಸು ನೆಟ್ಟರೆ ಹಿಡಿಯುವುದಿಲ್ಲ. ಬಳ್ಳಿ ಕಿತ್ತು ನೋಡಿದೆ: ಬೇರಿನ ತುದಿ ಮೊಂಡು, ಕಂದು ಬಣ್ಣ, ಕವಲೇ ಒಡೆದಿಲ್ಲ. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH, 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ) 4.9, ತಾಮ್ರ ಅತಿ ಹೆಚ್ಚು ಎಂದು ಬಂತು. ತಾಮ್ರವನ್ನು ಇಲ್ಲವಾಗಿಸೀತೆಂದು ಸ್ಯೂಡೋಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಮೂರು ಸಲ ಹಾಕಿದೆ. ಪ್ರಯೋಜನ ಕಾಣಲಿಲ್ಲ. ಎಲ್ಲಿ ತಪ್ಪಿದೆ?

ತೀರ್ಥಹಳ್ಳಿಯ ಮಣ್ಣುಪ್ರೇಮಿ:
ತಪ್ಪಿರುವುದು ನಿರೀಕ್ಷೆಯಲ್ಲಿ. ಎಣ್ಣೆಯನ್ನೋ ಕೀಟನಾಶಕವನ್ನೋ ಬ್ಯಾಕ್ಟೀರಿಯಾ ಒಡೆದು ಇಲ್ಲವಾಗಿಸಬಲ್ಲವು. ತಾಮ್ರ ಮೂಲಧಾತು, ಅದನ್ನು ಒಡೆಯಲಾಗದು. ತಮ್ಮ ಕೋಶಭಿತ್ತಿಗೆ ಅಂಟಿಸಿಕೊಳ್ಳಬಹುದು, ಕರಗದ ರೂಪಕ್ಕೆ ತರಬಹುದು, ಇಲ್ಲವೇ ಕರಗಿಸಿ ಹರಿಯಬಿಡಬಹುದು, ಅಷ್ಟೇ. ಅಂಟಿಸಿಕೊಂಡ ಬ್ಯಾಕ್ಟೀರಿಯಾ ಸತ್ತರೆ ತಾಮ್ರ ಅದೇ ಮಣ್ಣಿಗೆ ಮರಳುತ್ತದೆ.

ಲೆಕ್ಕ ಹಾಕಿ. ಶೇಕಡಾ 1ರ ದ್ರಾವಣದ 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತ. ಅದರಲ್ಲಿ ಸುಮಾರು ಅರ್ಧ ಕೆಜಿ ಶುದ್ಧ ತಾಮ್ರ. ಜೊತೆಗೆ ಬಿದ್ದ ಸುಣ್ಣವನ್ನು ನಮ್ಮ ಮಳೆ ತೊಳೆದು ಒಯ್ದಿದೆ, ತಾಮ್ರ ಉಳಿದಿದೆ. ಹುಳಿ ಮಣ್ಣಿನಲ್ಲಿ ಅದು ಹೆಚ್ಚು ಕರಗಿ ಬೇರನ್ನೂ ಸುಡುತ್ತದೆ, ನೀವು ಹಾಕಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕೊಳೆರೋಗದ ಸೂಕ್ಷ್ಮಾಣು ಕೊಲ್ಲಲೆಂದೇ ಬಳಸಿದ ಮದ್ದಲ್ಲವೇ ಅದು!

ಮೊದಲು ಸುಣ್ಣ ಹಾಕಿ ರಸಸಾರವನ್ನು 6.5ರ ಆಸುಪಾಸಿಗೆ ತನ್ನಿ. ಎಷ್ಟು ಸುಣ್ಣವೆಂದು ಮಣ್ಣು ಪರೀಕ್ಷೆಯವರನ್ನೇ ಕೇಳಿ. ಚೆನ್ನಾಗಿ ಕಳಿತ ಗೊಬ್ಬರವನ್ನು ಧಾರಾಳವಾಗಿ ಸೇರಿಸಿ, ಅದರ ಹ್ಯೂಮಸ್ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಕೆಲವು ವಾರ ಕಳೆದ ಮೇಲೆ ಸ್ಯೂಡೋಮೊನಾಸ್ ಹಾಕಿ.

ಹೊಸನಗರದ ತೋಟಿಗ:
ಗಂಧಕದ ಬ್ಯಾಕ್ಟೀರಿಯಾ ತಾಮ್ರವನ್ನು ಕರಗಿಸಿ ಹೊರತೆಗೆಯುತ್ತವೆ ಎಂದು ಒಬ್ಬರು ಹೇಳಿದರು. ಪ್ರಯತ್ನಿಸಲೇ?

ತೀರ್ಥಹಳ್ಳಿಯ ಮಣ್ಣುಪ್ರೇಮಿ:
ದಯವಿಟ್ಟು ಬೇಡ. ಆ ಗಂಧಕದ ಬ್ಯಾಕ್ಟೀರಿಯಾ, ಅಂದರೆ ಆಸಿಡಿಥಯೋಬ್ಯಾಸಿಲಸ್ ಜಾತಿಯವು, ಆಮ್ಲ ಉಂಟುಮಾಡಿ ಲೋಹವನ್ನು ಕರಗಿಸುವುದು ನಿಜ. ಗಣಿಗಳಲ್ಲಿ ಆ ದ್ರಾವಣವನ್ನು ಹಿಡಿದಿಡುವ ವ್ಯವಸ್ಥೆ ಇರುತ್ತದೆ. ನಿಮ್ಮಲ್ಲಿ ಪಕ್ಕದಲ್ಲೇ ಬಾವಿ, ಕೆಳಗೆ ಬಸಿಗಾಲುವೆ, ಅದರಾಚೆ ಯಾರದೋ ಗದ್ದೆ. ಆಷಾಢದ ಮಳೆಗೆ ಕರಗಿದ ತಾಮ್ರ ಎಲ್ಲಿಗೆ ಹೋಗುತ್ತದೆಂದು ಯೋಚಿಸಿ. ಬಾವಿಯ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಇದನ್ನು ಮುಂದೂಡಬೇಡಿ.

ಬಳ್ಳಿ ನೆಡುವ ಮೊದಲು ಎರಡು ಕುಂಡಗಳಲ್ಲಿ ಅಲಸಂದೆ ಬಿತ್ತಿ. ಒಂದಕ್ಕೆ ಆ ಜಾಗದ ಮಣ್ಣು ಹಾಗೆಯೇ, ಇನ್ನೊಂದಕ್ಕೆ ಸುಣ್ಣ, ಗೊಬ್ಬರ ಬೆರೆಸಿದ್ದು.

ಹೊಸನಗರದ ತೋಟಿಗ (ಎರಡು ತಿಂಗಳ ಬಳಿಕ):
ಬಾವಿಯ ನೀರು ಸರಿಯಿದೆ ಎಂದು ವರದಿ ಬಂತು, ಮನೆಯವರಿಗೆಲ್ಲ ನೆಮ್ಮದಿ. ಮೊದಲ ಕುಂಡದ ಅಲಸಂದೆ ಗೇಣುದ್ದವೂ ಆಗದೆ ಹಳದಿಯಾಯಿತು. ಎರಡನೆಯದರಲ್ಲಿ ಬಿಳಿ ಬೇರು ಕವಲೊಡೆದಿದೆ, ಗಂಟುಗಳೂ ಕಟ್ಟಿವೆ. ಒಂದು ಗಂಟನ್ನು ಉಗುರಿನಿಂದ ಸೀಳಿದೆ, ಒಳಗೆ ನಸುಗೆಂಪು, ಅಂದರೆ ಗಂಟಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ. ನಾಳೆ ಇಡೀ ಜಾಗಕ್ಕೆ ಸುಣ್ಣ ಹಾಕುತ್ತೇನೆ.