ಸಹಾಯ ಬೇಕು: ಪುಟ ಓದೋ ಹೊತ್ತು ಅಳೆಯುವಾಗ ಐಡಲ್ ಮಿತಿ ಎಷ್ಟಿಡಬೇಕು?

ನಮಸ್ಕಾರ. ಒಪ್ಪಿಗೆ ಕೊಟ್ಟವರ ಕ್ರೋಮ್‌ನಲ್ಲಿ ಯಾವ ಸುದ್ದಿಪುಟದ ಮೇಲೆ ಎಷ್ಟು ಹೊತ್ತು ಗಮನ ಇರುತ್ತೆ ಅಂತ ಸಂಶೋಧನೆಗಾಗಿ ಎಕ್ಸ್‌ಟೆನ್ಷನ್ ಹಾಕಿ ಅಳೀತಿದ್ದೀವಿ.

ಟೈಮರನ್ನ ಹಿನ್ನೆಲೆಯಲ್ಲಿ ಓಡೋ ಎಕ್ಸ್‌ಟೆನ್ಷನ್ ಭಾಗವಾದ ಸರ್ವಿಸ್ ವರ್ಕರ್‌ನಲ್ಲಿ ಇಟ್ಟು ನೋಡಿದ್ವಿ. 30 ಸೆಕೆಂಡ್ ಕೆಲಸ ಇಲ್ಲದಿದ್ರೆ ಕ್ರೋಮ್ ಅದನ್ನ ನಿಲ್ಲಿಸುತ್ತೆ, ಲೆಕ್ಕ ಹೋಗುತ್ತೆ. ಶುರುವಾದ ಸಮಯವನ್ನ ಸ್ಟೋರೇಜ್‌ಗೆ ಬರೆದ ಮೇಲೆ ಅದು ಸರಿಹೋಯ್ತು. ಎರಡು ವಿಂಡೊ ಪಕ್ಕಪಕ್ಕ ಇದ್ರೆ ಎರಡೂ ಪುಟ 'ಕಾಣ್ತಿದೆ' ಅಂತಲೇ ಬರುತ್ತೆ, ಅದಕ್ಕೆ ಫೋಕಸ್ (ಈಗ ಬಳಸ್ತಿರೋ ವಿಂಡೊ ಯಾವುದು ಅನ್ನೋದು) ಕೂಡ ನೋಡ್ತೀವಿ.

ಸಿಕ್ಕಿಕೊಂಡಿರೋದು ಐಡಲ್ ಮಿತಿಯಲ್ಲಿ, ಅಂದ್ರೆ ಎಷ್ಟು ಹೊತ್ತು ಮೌಸ್, ಕೀಬೋರ್ಡ್ ಮುಟ್ಟದಿದ್ರೆ ಎದ್ದುಹೋಗಿದ್ದಾರೆ ಅಂತ ಲೆಕ್ಕ ಹಾಕ್ಬೇಕು ಅನ್ನೋದ್ರಲ್ಲಿ. 15 ಸೆಕೆಂಡ್ ಇಟ್ರೆ (ಅದಕ್ಕಿಂತ ಕಡಿಮೆ ಕ್ರೋಮ್ ಒಪ್ಪಲ್ಲ) ಮೌಸ್ ಮುಟ್ಟದೆ ಉದ್ದದ ಪ್ಯಾರಾ ಓದ್ತಾ ಕೂತವರೂ ಎದ್ದುಹೋದ ಹಾಗೆ ದಾಖಲಾಗುತ್ತೆ. 60 ಇಟ್ರೆ ನಿಜವಾಗಿ ಎದ್ದುಹೋದವರ ಹೊತ್ತೂ ಸೇರಿಕೊಳ್ಳುತ್ತೆ. ಓದುವವರನ್ನ ತಪ್ಪಾಗಿ ಕೈಬಿಡೋದೇ ದೊಡ್ಡ ನಷ್ಟ ಅನ್ನೋದು ನಮ್ಮ ಅನಿಸಿಕೆ.

15ರಲ್ಲೇ ಕಚ್ಚಾ ದಾಖಲೆ ಉಳಿಸಿ ಮಿತಿಯನ್ನ ವಿಶ್ಲೇಷಣೆಯಲ್ಲಿ ಹಾಕೋದಾ, ಇಲ್ಲ ಲೇಖನಕ್ಕೊಂದು ವಿಡಿಯೊಗೊಂದು ಮಿತಿಯನ್ನ ಎಕ್ಸ್‌ಟೆನ್ಷನ್‌ನಲ್ಲೇ ಇಡೋದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.