ಜೀನು ಕುದುರೆಗೆ ‘ಹೊಂದುವುದೋ’, ‘ಕೂರುವುದೋ’?

ಎಲ್ಲರಿಗೂ ನಮಸ್ಕಾರ.

ಕುದುರೆ ನೋಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಜೀನಿನ ಅಳತೆ ಸರಿಯಿದೆಯೇ ಎಂದು ನೋಡುವ ಭಾಗದಲ್ಲಿ ಒಂದು ಕ್ರಿಯಾಪದ ತಲೆ ತಿನ್ನುತ್ತಿದೆ. ‘ಜೀನು ಹೊಂದುತ್ತದೆ’ ಎಂದರೆ ತಪ್ಪೇನಿಲ್ಲ. ಆದರೆ ಬಣ್ಣವೂ ಹೊಂದುತ್ತದೆ, ಸ್ವಭಾವವೂ ಹೊಂದುತ್ತದೆ. ಏನನ್ನು ನೋಡಬೇಕು ಅನ್ನೋದು ಅದರಿಂದ ತಿಳಿಯುವುದಿಲ್ಲ. ‘ಒಪ್ಪುತ್ತದೆ’ ಎಂದರೆ ಬರೀ ಚೆಂದದ ಮಾತಾಯಿತು.

ನನಗೆ ಹಿಡಿಸಿದ್ದು ‘ಕೂರು’. ಅಂಗಿಯ ತೋಳು ಸರಿಯಾಗಿ ಕೂತಿಲ್ಲ ಎನ್ನುತ್ತೇವಲ್ಲ, ಹಾಗೆ. ಕುದುರೆಯನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಅಡಿಬಟ್ಟೆ ಹಾಕದೆ, ಜೀನನ್ನು ಕೊಂಚ ಮುಂದಕ್ಕಿಟ್ಟು ಹಿಂದಕ್ಕೆ ಜಾರಿಸುತ್ತಾರೆ. ಹೆಗಲ ಮೂಳೆಯ ಹಿಂದೆ ಒಂದು ಕಡೆ ಅದು ತಾನಾಗಿ ನಿಲ್ಲುತ್ತದೆ. ಅದನ್ನು ‘ಕೂತಿತು’ ಎನ್ನದೆ ಏನೆನ್ನುವುದು? ತೊಡಕು ಒಂದೇ: ಸವಾರನೂ ಕೂರುತ್ತಾನೆ. ‘ಸರಿಯಾಗಿ ಕೂತಿದೆಯೇ ನೋಡಿ, ಕೂತ ಮೇಲೆ ಮತ್ತೆ ನೋಡಿ’ ಎಂದು ಬರೆದರೆ ಕೂತವರು ಯಾರು? ಭಾರ ಬಿದ್ದಾಗ ಜೀನು ಇಳಿಯುವುದರಿಂದ ಎರಡನೇ ಸಲ ನೋಡುವುದನ್ನು ಬಿಡುವಂತಿಲ್ಲ. ಸದ್ಯಕ್ಕೆ ಜೀನಿಗೆ ‘ಕೂರು’, ಸವಾರನಿಗೆ ‘ಹತ್ತು’ ಎಂದು ಹಂಚಿದ್ದೇನೆ.

ಕೂರದಿದ್ದರೆ ಒಂದೇ ಮಾತು ಸಾಲದು. ಜೀನು ಕಿರಿದಾದರೆ ಎರಡೂ ಬದಿ ‘ಹಿಡಿಯುತ್ತದೆ’, ಮುಂಭಾಗ ಎದ್ದು ಸವಾರ ಹಿಂದಕ್ಕೆ ವಾಲುತ್ತಾನೆ. ಅಗಲ ಜಾಸ್ತಿಯಾದರೆ ಮುಂಭಾಗ ಕುಸಿದು, ಬೆನ್ನು ಶುರುವಾಗುವಲ್ಲಿ ಎದ್ದಿರುವ ಮೂಳೆಗೆ ‘ತಾಗುತ್ತದೆ’. ಸವಾರ ಹತ್ತಿದ ಮೇಲೂ ಅಲ್ಲಿ ಎರಡು ಮೂರು ಬೆರಳು ತೂರುವಷ್ಟು ಸಂದು ಉಳಿಯಬೇಕು. ಇನ್ನು ಜೀನಿನ ಅಡಿಯಲ್ಲಿರುವ ಮೆತ್ತೆಯ ಹಿಂದುಮುಂದಿನ ತುದಿಗಳು ಮಾತ್ರ ಬೆನ್ನಿಗೆ ಊರಿ, ಮಧ್ಯದಲ್ಲಿ ಅಂಗೈ ಸಲೀಸಾಗಿ ನುಗ್ಗುವಂತಿದ್ದರೆ? ಭಾರವೆಲ್ಲ ಆ ತುದಿಗಳ ಮೇಲೇ ಬೀಳುತ್ತದೆ. ಇಂಗ್ಲಿಷಿನವರು ಇದನ್ನು ಸೇತುವೆಯ ಮಾತಿನಲ್ಲಿ ಹೇಳುತ್ತಾರೆ. ನಾನು ‘ನಡು ಎದ್ದಿದೆ’ ಎಂದು ಬರೆದೆ. ಓದಿದ ಗೆಳತಿ ‘ಕುದುರೆಯ ಸೊಂಟವಾ?’ ಅಂದಳು. ಅದೂ ನಿಜವೇ, ನಡು ಅಂದರೆ ಸೊಂಟವೂ ಹೌದಲ್ವಾ. ಜೀನು ಕೊನೆಯ ಪಕ್ಕೆಲುಬು ದಾಟಿ ಸೊಂಟಕ್ಕೆ ಹೋಗಬಾರದು ಅನ್ನೋ ಮಾತು ಅದೇ ಪುಟದಲ್ಲಿದೆ. ‘ಮೆತ್ತೆ ಮಧ್ಯದಲ್ಲಿ ತಾಗುತ್ತಿಲ್ಲ’ ಎಂದು ಉದ್ದಕ್ಕೆ ಬರೆಯುವುದೇ ವಾಸಿಯೇನೋ.

ಸವಾರಿ ಮುಗಿದಾಗ ಬೆವರಿದ ಬೆನ್ನಿನ ಮೇಲೆ ಅಲ್ಲಲ್ಲಿ ಒಣಗಿಯೇ ಉಳಿದ ಜಾಗ ಕಂಡರೆ ಅದಕ್ಕೆ ‘ಒಣಕಲೆ’ ಎಂದಿದ್ದೇನೆ. ಅಲ್ಲಿ ಜೀನು ಜಾಸ್ತಿ ಒತ್ತಿರಬಹುದು, ಇಲ್ಲವೇ ತಾಗದೆಯೇ ಇದ್ದಿರಬಹುದು. ಕೈಯಿಟ್ಟು ನೋಡಿದರಷ್ಟೇ ಗೊತ್ತು. ಬಹಳ ಕಾಲ ಒತ್ತಿಸಿಕೊಂಡ ಕಡೆ ಬಿಳಿ ಕೂದಲು ಬರುತ್ತದೆ. ಅದಕ್ಕೆ ಬೇರೆ ಹೆಸರು ಬೇಡ.

‘ಜೀನು’ ಪಾರಸಿಯದು, ಹಳೆಯ ‘ಹಲ್ಲಣ’ ಇರುವಾಗ ಅದೇಕೆ ಎಂದು ಕೇಳುವವರಿದ್ದಾರೆ. ಜೀನು ಬಿಗಿಯುವವರಿಗೆ ಗೊತ್ತಿರುವುದು ಜೀನೇ. ಬಿಟ್ಟುಬಿಡೋಣ.

ಉಳಿದದ್ದು ‘ವಿದರ್ಸ್’. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ, ಹೆಗಲ ಮೂಳೆಗಳ ನಡುವೆ ಎದ್ದಿರುವ ಜಾಗ. ಕುದುರೆಯ ಎತ್ತರ ಅಳೆಯುವುದೂ ಅಲ್ಲಿಗೇ. ‘ಹಿಣಿಲು’ ಎತ್ತಿನದು, ಅದು ಮಾಂಸದ ಗುಡ್ಡೆ. ಇಲ್ಲಿರುವುದು ಬೆನ್ನೆಲುಬಿನಿಂದ ಮೇಲೆದ್ದ ಮೂಳೆಗಳು. ‘ಹೆಗಲೇಣು’ ಎಂದು ಕಟ್ಟಿದ್ದೇನೆ. ಕಿವಿಗೆ ಒಗ್ಗುತ್ತದೆಯೇ? ಕುದುರೆಯ ಜೊತೆ ಕೆಲಸ ಮಾಡುವವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ತಿಳಿಸಿ, ಅದನ್ನೇ ಹಾಕುತ್ತೇನೆ.