ಆವಿಗೆಯೋ, ಆವಗೆಯೋ?

ಗುಂಪು: ಆವಿಗೆ ಬಳಗ

ದೊಡ್ಡಪ್ಪ, 6:12
(ಹಲವು ಬಾರಿ ಫಾರ್ವರ್ಡ್ ಆಗಿದೆ)
🙏 ಕನ್ನಡದ ಹಿರಿಮೆ ನೋಡಿ 🙏 ಕುಂಬಾರರ ಒಂದೊಂದು ಮಾತಿನಲ್ಲೂ ವಿಜ್ಞಾನ! ನೀರು ಕೊಡುವುದು ಕೊಡ. ಆವಿ ಬಿಡಿಸುವ ಕುಂಬಾರನ ಒಲೆ ಆವಿಗೆ. ಗಡಿಯವರೆಗೆ ತುಂಬುವುದು ಗಡಿಗೆ. ಪಿಂಗಳ ಬಣ್ಣದ್ದು ಪಿಂಗಾಣಿ. ಕುಂಬಳಕಾಯಿಯ ಆಕಾರ ಮಾಡುವವನು ಕುಂಬಾರ. ಇಂಥ ಅರ್ಥ ಜಗತ್ತಿನ ಬೇರೆ ಯಾವ ಭಾಷೆಯಲ್ಲೂ ಇಲ್ಲ. ನಿಜವಾದ ಕನ್ನಡಿಗರಾದರೆ 10 ಜನಕ್ಕೆ ಕಳಿಸಿ.

ಚಿಕ್ಕಮ್ಮ, 6:15
🙏🙏 ಎಷ್ಟು ಚೆನ್ನಾಗಿದೆ ಭಾವನವರೇ. ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತು.

ರಾಜು ಭಾವ, 6:31
ಕುಂಬಳಕಾಯಿ ಕಳ್ಳ ಅಂದ್ರೆ ಕುಂಬಾರ ಹೆಗಲು ಮುಟ್ಟಿ ನೋಡ್ಕೊಂಡನಂತೆ 😂

ಮಂಜು, 6:40
ದೊಡ್ಡಪ್ಪ, ಇದು ಯಾವ ನಿಘಂಟಿನಲ್ಲಿದೆ?

ದೊಡ್ಡಪ್ಪ, 6:42
ಎಲ್ಲದಕ್ಕೂ ಪುಸ್ತಕ ಕೇಳಬಾರದು. ಹಿರಿಯರು ಹೇಳಿಕೊಂಡು ಬಂದದ್ದು.

ಮಂಜು, 6:43
ಯಾವ ಹಿರಿಯರು? ತಲೆಮೇಲೇ "ಹಲವು ಬಾರಿ ಫಾರ್ವರ್ಡ್" ಅಂತ ಬರೆದಿದೆ.

ಚಿಕ್ಕಮ್ಮ, 6:44
ಮಂಜು, ಬೆಳಬೆಳಗ್ಗೆ ದೊಡ್ಡವರ ಹತ್ರ ಶುರು ಹಚ್ಕೋಬೇಡ. ಹೋದ ಸಲ ಅರಿಶಿನದ ವಿಷಯಕ್ಕೂ ಹೀಗೇ ಮಾಡ್ದೆ.

ಮಂಜು, 6:45
ಅರಿಶಿನದ್ದೂ ಸುಳ್ಳೇ ಆಗಿತ್ತು ಚಿಕ್ಕಮ್ಮ.

ಶೈಲಕ್ಕ, 7:05
ಕುಂಬಾರ ಅನ್ನೋದು ಕುಂಭಕಾರ. ಕುಂಭ ಮಾಡುವವನು. ನಡುವಿನ ಕ ಸವೆದು ಎರಡು ಸ್ವರ ಒಂದಾಗಿ ಕುಂಬಾರ ಆಯ್ತು. ಹಿಂದಿಯಲ್ಲಿ ಅದೇ ಮಾತು ಕುಮ್ಹಾರ್, ಸುವರ್ಣಕಾರ ಸುನಾರ್ ಆದ ಹಾಗೆ. "ಬೇರೆ ಯಾವ ಭಾಷೆಯಲ್ಲೂ ಇಲ್ಲ" ಅನ್ನೋದು ಮೊದಲ ಪದಕ್ಕೇ ಬಿದ್ದುಹೋಯ್ತು.

ಕೊಡ ಮಾತ್ರ ನಮ್ಮದೇ, ದ್ರಾವಿಡ. ಆದರೆ ಕೊಡು ಅನ್ನೋ ಕ್ರಿಯಾಪದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ತಮಿಳು ಪಕ್ಕಕ್ಕಿಟ್ಟು ನೋಡಿ: ಕೊಡಕ್ಕೆ ಅಲ್ಲಿ ಕುಡಮ್, ಕೊಡೆಗೆ ಕುಡೈ, ಹೊಗೆಗೆ ಪುಗೈ, ಒಡಲಿಗೆ ಉಡಲ್. ನಮ್ಮ ಒ ಇರೋ ಕಡೆ ಅವರದು ಉ, ಸಾಲಾಗಿ. ಕೊಡು ಮಾತ್ರ ಅಲ್ಲೂ ಕೊಡುವೇ, ಉ ಆಗಿಲ್ಲ. ಎರಡೂ ಒಂದೇ ಬೇರಿನವಾಗಿದ್ದರೆ ತಮಿಳಿನಲ್ಲಿ ಬೇರೆ ಬೇರೆ ಆಗ್ತಿರಲಿಲ್ಲ.

ರಾಜು ಭಾವ, 7:08
ಮನೇಲೂ ಹೀಗೇ. "ಟೀ ಕೊಡು" ಅಂದ್ರೆ ಧಾತು ಯಾವುದು ಅಂತ ಕೇಳ್ತಾಳೆ.

ದೊಡ್ಡಪ್ಪ, 7:10
ಓದಿದವರಿಗೆ ತಮಿಳೇ ದೊಡ್ಡದು. ಇರಲಿ. ಗಡಿಗೆಗೆ ಏನು ಹೇಳುತ್ತೀಯಮ್ಮ?

ಶೈಲಕ್ಕ, 7:16
ಘಟ, ಘಟಿಕಾ, ಗಡಿಗೆ. ಟ ಇದ್ದದ್ದು ಡ ಆಯ್ತು, ಕ ಇದ್ದದ್ದು ಗ ಆಯ್ತು. ಗಡಿಗೂ ಗಡಿಗೆಗೂ ಉಚ್ಚಾರದ ಹೋಲಿಕೆ ಅಷ್ಟೇ. ಫಾರ್ವರ್ಡ್ ಮಾಡಿದವರಿಗೆ ಇದಕ್ಕಿಂತ ಒಳ್ಳೇದು ಪಕ್ಕದಲ್ಲೇ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಗಳಿಗೆ ಅನ್ನೋ ಮಾತೂ ಇದೇ ಘಟಿಕಾ. ತಳದಲ್ಲಿ ಸಣ್ಣ ತೂತಿರೋ ಬಟ್ಟಲನ್ನ ನೀರಿನ ಮೇಲೆ ತೇಲಿಬಿಡ್ತಿದ್ದರು. ತೂತಿನಿಂದ ನೀರು ಏರಿ ಏರಿ ಬಟ್ಟಲು ಮುಳುಗೋ ಹೊತ್ತಿಗೆ ಒಂದು ಗಳಿಗೆ, 24 ನಿಮಿಷ. ದಿನಕ್ಕೆ 60. ಗಡಿಯಾರದ ಗಡಿಯೂ ಅದೇ. ಅಟ್ಟದ ಮೇಲಿನ ಗಡಿಗೆಗೂ ಗೋಡೆ ಮೇಲಿನ ಗಡಿಯಾರಕ್ಕೂ ಒಂದೇ ಮುತ್ತಜ್ಜಿ.

ಕಿಟ್ಟಿ, 7:20
ಅಟ್ಟ ಅಂದ್ರಿ ಶೈಲಕ್ಕ... ಅಜ್ಜಿ ಮನೆ ಗಡಿಗೆ ಸಾಲು! ಆ ನೀರಿನ ರುಚಿ! ಆ ತಂಪು! ಈಗಿನ ಮಡಕೆಗೆ ಆ ತಂಪು ಎಲ್ಲಿದೆ 😢

ಚಿಕ್ಕಮ್ಮ, 7:21
ಹೌದು ಕಿಟ್ಟಿ 😢

ಮಂಜು, 7:26
ಕಿಟ್ಟಿ, ತಂಪು ನೆನಪಿನಿಂದ ಬರಲ್ಲ, ರಂಧ್ರದಿಂದ ಬರುತ್ತೆ. ಗೋಡೆಯೊಳಗಿಂದ ನೀರು ಹೊರಮೈಗೆ ಜಿನುಗಿ ಆರಬೇಕು, ಆರುವಾಗ ಒಳಗಿನ ಬಿಸಿ ಎಳಕೊಳ್ಳುತ್ತೆ. ತಂಪು ಕಡಿಮೆಯಾಯ್ತು ಅಂದ್ರೆ ಸಾಮಾನ್ಯವಾಗಿ ಮೂರು ಕಾರಣ. ಗಾಳಿಯಾಡದ ಮೂಲೇಲಿ ಇಟ್ಟಿದ್ದೀರಿ. ಇಲ್ಲಾ ಗಡಸು ನೀರಿನ ಉಪ್ಪು ಕೂತು ರಂಧ್ರ ಮುಚ್ಚಿದೆ. ಇಲ್ಲಾ ಹೊಳಪಿಗೆ ಅಂತ ಹೊರಗೆ ಬಣ್ಣ ಬಳಿದಿದ್ದನ್ನ ತಂದಿದ್ದೀರಿ.

ದೊಡ್ಡಪ್ಪ, 7:29
ತೆಂಗಿನ ನಾರಿನಿಂದ ಹೊರಮೈ ಉಜ್ಜಿ ಬಿಸಿಲಿಗೆ ಬೋರಲು ಹಾಕಬೇಕು. ಸೋಪು ಮುಟ್ಟಿಸಬಾರದು, ರಂಧ್ರದೊಳಗೆ ಕೂತರೆ ತಿಂಗಳಾದರೂ ನೀರು ಸೋಪಿನ ವಾಸನೆ ಹೊಡೆಯುತ್ತದೆ. ಇದನ್ನು ಯಾವ ನಿಘಂಟಿನಲ್ಲಿ ಓದಿದೆ ಎಂದು ಮಂಜುನಾಥ ಕೇಳುವುದಿಲ್ಲವೇ?

ಮಂಜು, 7:30
ಇದಕ್ಕೆ ಕೇಳಲ್ಲ ದೊಡ್ಡಪ್ಪ. ಇದು ನಿಮ್ಮ ಕೈಯದ್ದು. ಅದು ಯಾರದೋ ಹೆಬ್ಬೆರಳಿನದ್ದು.

ಚಿಕ್ಕಮ್ಮ, 7:31
ನೋಡಿ, ಮಾತು ಹೇಗೆ ಆಡ್ತಾನೆ.

ದೊಡ್ಡಪ್ಪ, 7:40
ಕೊಡ, ಗಡಿಗೆ ಬಿಟ್ಟೆ. ಆವಿಗೆಯನ್ನು ಬಿಡುವುದಿಲ್ಲ. ಹಸಿ ಮಡಕೆ ಎಷ್ಟು ಒಣಗಿದರೂ ಒಳಗೆ ನೀರಿರುತ್ತದೆ. ಅದನ್ನು ಆವಿ ಮಾಡಿ ಹೊರಗೆ ಕಳಿಸುವುದೇ ಆವಿಗೆಯ ಮೊದಲ ಕೆಲಸ. ಹೆಸರೇ ಸಾಕ್ಷಿ.

ಶೈಲಕ್ಕ, 7:52
ಹೆಸರು ಸಾಕ್ಷಿ ಹೇಳೋದು ಬೇರೆಯೇ. ಸಂಸ್ಕೃತದಲ್ಲಿ ಕುಂಬಾರನ ಒಲೆಗೆ ಆಪಾಕ ಅಂತಾರೆ. ಪಾಕ ಅಂದ್ರೆ ಬೇಯಿಸೋದು, ಅಡುಗೆಯ ಪಾಕವೇ. ಆಪಾಕ ಕನ್ನಡಕ್ಕೆ ಬಂದು ಆವಗೆ. ಪ ಇದ್ದಲ್ಲಿ ವ, ಕ ಇದ್ದಲ್ಲಿ ಗ. ಇದು ನಾನು ಕಟ್ಟಿದ್ದಲ್ಲ, ದೀಪಿಕಾ ದೀವಿಗೆ ಆಗಿದ್ದು ನೋಡಿ, ಅದೇ ಎರಡು ಅಕ್ಷರ, ಅದೇ ಬದಲಾವಣೆ. ತೆಲುಗಿನವರು ಆವಮು ಅಂತಾರೆ, ಹಿಂದಿಯವರು ಆವಾ. ಎಲ್ಲೂ ವಿ ಇಲ್ಲ. ನಮ್ಮಲ್ಲಿ ಆವಗೆ, ಆವಿಗೆ ಎರಡೂ ನಡೆಯುತ್ತೆ. ಆ ವಿ ಕಂಡವರಿಗೆ ಆವಿ ಕಂಡಿದೆ.

ರಾಜು ಭಾವ, 7:54
ಆವೆ ಮಣ್ಣು ಅಂತಾರಲ್ಲ, ಅದು ಆಮೆ ಇರೋ ಕೆರೆ ಮಣ್ಣಾ?

ಶೈಲಕ್ಕ, 7:54
ನೀವು ಟೀ ಕುಡೀರಿ.

ಮಂಜು, 8:03
ವಿಜ್ಞಾನದ ಕಡೆಯಿಂದಲೂ ದೊಡ್ಡಪ್ಪನ ಮಾತು ಅರ್ಧ. ರಂಧ್ರದಲ್ಲಿ ಸುಮ್ಮನೆ ಕೂತಿರೋ ನೀರು 100 ಡಿಗ್ರಿ ದಾಟೋ ಹೊತ್ತಿಗೆ ಹೋಗಿರುತ್ತೆ. ಅಷ್ಟಕ್ಕೆ ನಿಲ್ಲಿಸಿದ್ರೆ ಅದು ಮಡಕೆ ಅಲ್ಲ, ಒಣಮಣ್ಣು. ನೀರಲ್ಲಿ ಹಾಕಿದ್ರೆ ಕರಗಿ ಕೆಸರಾಗುತ್ತೆ. ಜೇಡಿಯ ಕಣದೊಳಗೇ ರಾಸಾಯನಿಕವಾಗಿ ಕಟ್ಟಿಕೊಂಡಿರೋ ನೀರು ಬೇರೆ ಇದೆ, ಅದು ಬಿಡೋದು ಸುಮಾರು 450ರಿಂದ 600 ಡಿಗ್ರಿಯಲ್ಲಿ. ಶುದ್ಧ ಬಿಳಿ ಜೇಡಿಯಲ್ಲಿ ಅದು ತೂಕದ 14% ಹತ್ತಿರ. ಅದು ಹೋದ ಮೇಲೆ ಮಡಕೆಯನ್ನ ವಾಪಸ್ ಮಣ್ಣು ಮಾಡೋಕೆ ಆಗಲ್ಲ. ಆವಿಗೆಯ ಅಸಲು ಕೆಲಸ ಅದು.

ದೊಡ್ಡಪ್ಪ, 8:05
600 ಡಿಗ್ರಿಯಲ್ಲಿ ಹೊರಗೆ ಬರುವ ನೀರು ಯಾವ ರೂಪದಲ್ಲಿ ಬರುತ್ತದೆ?

ಮಂಜು, 8:09
ಆವಿ ರೂಪದಲ್ಲಿ.

ದೊಡ್ಡಪ್ಪ, 8:09
🙏

ಕಿಟ್ಟಿ, 8:10
😂😂😂😂

ಶೈಲಕ್ಕ, 8:12
ದೊಡ್ಡಪ್ಪ ಒಲೆಯ ವಿಷಯದಲ್ಲಿ ಗೆದ್ದಿದ್ದಾರೆ. ಪದದ ವಿಷಯದಲ್ಲಿ ಅಲ್ಲ. ಮಂಜು, ನಿನ್ನಿಂದ ಆಯ್ತು.

ಮಂಜು, 8:13
ನಾನು ಹೇಳಿದ್ದನ್ನ ಪೂರ್ತಿ ಯಾರೂ ಓದಲಿಲ್ಲ.

ಚಿಕ್ಕಮ್ಮ, 8:14
ನೀನು ಫಾರ್ವರ್ಡ್ ಪೂರ್ತಿ ಓದಿದ್ಯಾ? ಕೊನೇಲಿ 10 ಜನಕ್ಕೆ ಕಳಿಸಿ ಅಂತಿತ್ತು, ನಾನು ಕಳಿಸ್ಬಿಟ್ಟೆ.

ದೊಡ್ಡಪ್ಪ, 8:30
ಆವಿಯನ್ನು ಹಗುರವಾಗಿ ನೋಡಬೇಡಿ. ಮೊದಲ ಬೆಂಕಿ ಹೊಗೆಯ ಕಾವು ಮಾತ್ರ ಇರಬೇಕು, ಜ್ವಾಲೆ ಮಡಕೆಗೆ ತಾಗಬಾರದು. ತಳ ದಪ್ಪ ಇರುವ ಹರವಿಗೆ ಇನ್ನೂ ಹೊತ್ತು. ಕಾವು ಸಾಕಾಯಿತೇ ಎಂದು ತಿಳಿಯಲು ಮೇಲಿನ ಹೊಗೆಗಂಡಿಯ ಬಾಯಿಗೆ ತಣ್ಣನೆಯ ಕನ್ನಡಿಯನ್ನೋ ಸ್ಟೀಲ್ ತಟ್ಟೆಯನ್ನೋ ಒಂದು ಕ್ಷಣ ಹಿಡಿಯಿರಿ. ಮಸುಕಾಯಿತೇ, ಬೆರಳಿಗೆ ತೇವ ಹತ್ತಿತೇ, ಇನ್ನೂ ನೀರಿದೆ. ಸೌದೆ ಹೆಚ್ಚಿಸಬೇಡಿ. ಎರಡು ಮೂರು ಸಲ ಹಿಡಿದರೂ ಕನ್ನಡಿ ಶುಭ್ರವಾಗಿದ್ದರೆ ಆಮೇಲೆ ಉರಿ ಏರಿಸಿ. ಅವಸರ ಮಾಡಿದವರ ಮಡಕೆ ಏನಾಗುತ್ತದೆ ಎಂದು ಈ ಗುಂಪಿನಲ್ಲೇ ಒಬ್ಬರಿಗೆ ಗೊತ್ತಿದೆ.

ಮಂಜು, 8:32
ಆ ಒಬ್ಬ ನಾನೇ ತಾನೇ? ಹೆಸರು ಹೇಳಿ ದೊಡ್ಡಪ್ಪ, ಪರವಾಗಿಲ್ಲ. ಆದರೆ ಆ ಸಲ ಒಡೆದದ್ದೆಲ್ಲ ಆವಿಯಿಂದಲ್ಲ. ಚೂರು ಇನ್ನೂ ಇಟ್ಟಿದ್ದೀನಿ.

ಚಿಕ್ಕಮ್ಮ, 8:32
ಮತ್ತೆ ಶುರು.

ಮಂಜು, 8:47
ಬಿರುಕು ಓದೋಕೆ ಬರಬೇಕು. ಆವಿಯಿಂದ ಒಡೆದದ್ದು ಬಿರುಕು ಬಿಡಲ್ಲ, ಸಿಡಿಯುತ್ತೆ. ತಳದಿಂದ ಚಿಪ್ಪಿನ ಹಾಗೆ ಪದರ ಹಾರಿರುತ್ತೆ, ಯಾಕಂದ್ರೆ ಒಂದು ಪಾಲು ನೀರು ಆವಿಯಾದ್ರೆ ಸುಮಾರು 1,700 ಪಾಲು ಜಾಗ ಕೇಳುತ್ತೆ. ಬಿರುಕು ಕಂಠದಿಂದ ಕೆಳಗೆ ಇಳಿದು ಅಗಲವಾಗಿ ತೆರೆದುಕೊಂಡಿದ್ರೆ ಅದು ನೆರಳಲ್ಲಿ ಒಣಗಿಸುವಾಗಲೇ ಆದದ್ದು, ಒಂದು ಮಗ್ಗುಲಿಗೆ ಗಾಳಿ ಹೊಡೆದು ಆ ಕಡೆ ಮೊದಲು ಕುಗ್ಗಿದೆ. ಕೂದಲೆಳೆಯಷ್ಟು ಸಣ್ಣಗೆ, ಅಂಚು ಚೂಪಾಗಿ, ಒಂದಕ್ಕೊಂದು ಸರಿಯಾಗಿ ಕೂರುವಂತಿದ್ರೆ ತಣಿಯುವಾಗ ಆದದ್ದು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಮರಳು ಕಾಯುವಾಗ ಥಟ್ಟನೆ ಹಿಗ್ಗುತ್ತೆ, ತಣಿಯುವಾಗ ಅಲ್ಲೇ ಥಟ್ಟನೆ ಕುಗ್ಗುತ್ತೆ. ಆ ಹೊತ್ತಲ್ಲಿ ಬೂದಿ ಸರಿಸಿ ಇಣುಕಿ ನೋಡಿದ್ರೆ ಠಣ್ ಅನ್ನುತ್ತೆ.

ಆ ಸಲದ ಚೂರುಗಳ ಅಂಚು ಚೂಪಾಗಿದೆ. ಬೂದಿ ಸರಿಸಿ ನೋಡಿದ್ದು ನಾನಲ್ಲ.

ದೊಡ್ಡಪ್ಪ, 8:49
(ಈ ಸಂದೇಶವನ್ನು ಅಳಿಸಲಾಗಿದೆ)

ರಾಜು ಭಾವ, 8:50
ನಾನು ಓದಿದೆ 🤐

ಕಿಟ್ಟಿ, 8:53
ನಂದೊಂದು ಡೌಟು. ಒಳ್ಳೇ ಮಡಕೆ, ಆವಿಗೆಯಿಂದ ಚೆನ್ನಾಗೇ ಬಂತು, ಮೂರು ವಾರ ಆದ್ಮೇಲೆ ಹೊರಗೆ ಅಲ್ಲಲ್ಲಿ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಿತ್ತು. ದೃಷ್ಟಿ ಅಂತಾರೆ ಅಮ್ಮ.

ದೊಡ್ಡಪ್ಪ, 8:58
ಬಿದ್ದ ಜಾಗದಲ್ಲಿ ಬಿಳಿ ಚುಕ್ಕೆ ಇದೆಯೇ ನೋಡು. ಇದ್ದರೆ ಸುಣ್ಣದ ಕಲ್ಲು. ಮಣ್ಣಿನಲ್ಲಿ ಸಾಸಿವೆಯಷ್ಟು ಉಳಿದಿರುತ್ತದೆ, ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಅರಳುತ್ತದೆ. ಅರಳಿದರೆ ಮೇಲಿನ ಪದರವನ್ನು ಎತ್ತಿ ಒಗೆಯುತ್ತದೆ. ದೃಷ್ಟಿಯೂ ಇಲ್ಲ, ಏನೂ ಇಲ್ಲ. ಮಣ್ಣನ್ನು ತೆಳ್ಳಗೆ ಕಲಸಿ ಬಟ್ಟೆಯಲ್ಲಿ ಸೋಸಿಕೊಂಡರೆ ಆಯಿತು.

ಮಂಜು, 8:59
ಅಷ್ಟೇ. ಸರಿಯಾಗಿ ಹೇಳಿದ್ರಿ.

ಚಿಕ್ಕಮ್ಮ, 9:00
ದೃಷ್ಟಿ ಅಂತ ನಾನು ಯಾವಾಗ ಅಂದೆ ಕಿಟ್ಟಿ?

ಶೈಲಕ್ಕ, 9:15
ಪಿಂಗಾಣಿ ಒಂದು ಉಳೀತು. ಪಿಂಗಳ ಅಲ್ಲ. ಪಾರಸಿಯ ಪಿಂಗಾನ್, ಬಟ್ಟಲು. ಅರಬ್ಬಿಗೆ ಹೋಗಿ ಫಿಂಜಾನ್ ಆಯ್ತು, ಕಾಫಿ ಕುಡಿಯೋ ಸಣ್ಣ ಕಪ್ಪು. ಮಜಾ ಏನು ಗೊತ್ತಾ, ಆ ಪಿಂಗಾನನ್ನೂ ತಳಕ್ಕೆ ತೂತು ಮಾಡಿ ನೀರಲ್ಲಿ ಬಿಟ್ಟು ಹೊತ್ತು ಅಳೀತಿದ್ದರು, ಹೊಲಕ್ಕೆ ಯಾರಿಗೆ ಎಷ್ಟು ಹೊತ್ತು ನೀರು ಅನ್ನೋ ಲೆಕ್ಕಕ್ಕೆ. ನಮ್ಮ ಗಳಿಗೆ ಬಟ್ಟಲಿನ ಅದೇ ಉಪಾಯ.

ಪಿಂಗಾಣಿಯ ಬಿಳಿ ಮಣ್ಣಿಗೆ ಕಾವೊಲಿನ್ ಅಂತಾರಲ್ಲ, ಅದು ಚೀನಾದ ಗಾವೊಲಿಂಗ್ ಅನ್ನೋ ಗುಡ್ಡದ ಹೆಸರು, ಜಿಂಗ್‌ಡೆಜೆನ್ ಹತ್ತಿರ. ಅರ್ಥ ಎತ್ತರದ ದಿಣ್ಣೆ ಅಂತ, ಅಷ್ಟೇ.

ರಾಜು ಭಾವ, 9:18
ಮೊದಲ ಸುಡುವಿಕೆ ಆದ ಪಾತ್ರೆಗೆ ಬಿಸ್ಕತ್ತು ಅಂತಾರಂತೆ ನಿಜಾನಾ? ಟೀಗೆ ಅದ್ದಬಹುದಾ?

ಮಂಜು, 9:20
ನಿಜ ಭಾವ. ಬಿಸ್ಕತ್ತು ಅಂದ್ರೆ ಎರಡು ಸಲ ಬೇಯಿಸಿದ್ದು ಅಂತ ಮೂಲ ಅರ್ಥ. ಪಿಂಗಾಣಿಯವರು ಮಾತ್ರ ಒಂದೇ ಸಲ ಸುಟ್ಟು ಇನ್ನೂ ಗಾಜಿನ ಲೇಪ ಹಾಕದ್ದಕ್ಕೆ ಹಾಗಂತಾರೆ. ಅದ್ದಿದ್ರೆ ಟೀ ಪೂರ್ತಿ ಅದೇ ಕುಡಿದುಬಿಡುತ್ತೆ. ಅದಕ್ಕೇ ಅಲ್ಲಿಗೆ ನಿಲ್ಲಿಸೋದು, ಲೇಪದ ನೀರು ಹೀರಿಕೊಂಡು ಪುಡಿ ಮೈಗೆ ಹಿಡೀಲಿ ಅಂತ.

ದೊಡ್ಡಪ್ಪ, 9:25
ಎಲ್ಲ ಪದ ಪಾರಸಿ, ಚೀನಾ, ಸಂಸ್ಕೃತ. ನಮ್ಮದು ಎಂದು ಒಂದಾದರೂ ಬಿಟ್ಟಿದ್ದೀರೋ ಇಲ್ಲವೋ?

ಶೈಲಕ್ಕ, 9:33
ಕೊಡ ಬಿಟ್ಟಿದ್ದೀನಲ್ಲ ದೊಡ್ಡಪ್ಪ. ಮಣ್ಣು ನಮ್ಮದು. ಓಡು, ಅಂದ್ರೆ ಹೆಂಚು, ನಮ್ಮದು, ಒಡೆದ ಬಿಲ್ಲೆಗೂ ಅದೇ ಹೆಸರು. ತಿಗುರಿ, ಅಂದ್ರೆ ಕುಂಬಾರನ ಚಕ್ರ, ನಮ್ಮದು, ತಮಿಳಿನ ತಿಗಿರಿ ಅದರ ಒಡಹುಟ್ಟಿದ್ದು, ಅಲ್ಲಿ ವಿಷ್ಣುವಿನ ಚಕ್ರಕ್ಕೂ ಅದೇ ಮಾತು. ಮೊಗೆ ನೋಡಿ, ಪಾತ್ರೆಗೂ ಮೊಗೆ, ಅದರಿಂದ ನೀರು ತೆಗೆಯೋದಕ್ಕೂ ಮೊಗೆ. ಆ ಫಾರ್ವರ್ಡ್‌ಗೆ ಬೇಕಿದ್ದದ್ದು ಇಂಥದ್ದೇ. ಮಣ್ಣು, ತಿಗುರಿ, ಕೊಡ ಮನೆಯವು. ಆವಗೆ, ಗಡಿಗೆ, ಕುಂಬಾರ ಹೊರಗಿಂದ ಬಂದು ಮನೆಯವಾದವು.

ದೊಡ್ಡಪ್ಪ, 9:35
ಮೊಗೆ ಚೆನ್ನಾಗಿದೆ.

(ಮಂಜು ಗುಂಪಿನ ಹೆಸರನ್ನು "ಆವಿಗೆ ಬಳಗ"ದಿಂದ "ಆವಗೆ ಬಳಗ"ಕ್ಕೆ ಬದಲಿಸಿದ್ದಾರೆ)

(ದೊಡ್ಡಪ್ಪ ಗುಂಪಿನ ಹೆಸರನ್ನು "ಆವಗೆ ಬಳಗ"ದಿಂದ "ಆವಿಗೆ ಬಳಗ"ಕ್ಕೆ ಬದಲಿಸಿದ್ದಾರೆ)

ಮಂಜು, 9:41
ದೊಡ್ಡಪ್ಪ!

ಶೈಲಕ್ಕ, 9:42
ಬಿಡು ಮಂಜು. ಎರಡೂ ರೂಪ ಸರಿ ಅಂತ ಆಗಲೇ ಹೇಳಿದ್ದೀನಿ. ಮೇಲೆ ಹೋಗಿ ಓದು.

(ರಾಜು ಭಾವ ಗುಂಪಿನ ಹೆಸರನ್ನು "ಆವಿಗೆ ಬಳಗ"ದಿಂದ "ಆಮೆ ಬಳಗ"ಕ್ಕೆ ಬದಲಿಸಿದ್ದಾರೆ)

ಚಿಕ್ಕಮ್ಮ, 9:44
ಇದ್ಯಾವ ಗುಂಪು? ನನ್ನ ಯಾರು ಸೇರಿಸಿದ್ದು?